ಟ್ಯೂಬ್ ಆಂಪ್‌ನಿಂದ ಸ್ವಚ್ಛವಾದ ಗಿಟಾರ್ ನಾದ: ರೆಕಾರ್ಡಿಂಗ್ ಕೋಣೆಯಲ್ಲಿ ಹಂತ ಹಂತವಾಗಿ

ದಾವಣಗೆರೆಯ ನಮ್ಮ ಸಣ್ಣ ರೆಕಾರ್ಡಿಂಗ್ ಕೋಣೆಗೆ ಭಾವಗೀತೆಯ ಆಲ್ಬಂಗೆಂದೋ ಕಾಲೇಜು ಬ್ಯಾಂಡಿನ ಮೊದಲ ಹಾಡಿಗೆಂದೋ ಬರುವ ಗಿಟಾರ್ ವಾದಕರೂ, ಚಿತ್ರದುರ್ಗ, ಹರಿಹರ, ಚಳ್ಳಕೆರೆಗಳಿಂದ ಫೋನ್ ಮಾಡುವವರೂ ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. ಟ್ಯೂಬ್ ಆಂಪ್ ಇದೆ, ಒಳ್ಳೆಯ ಮೈಕ್ ಇದೆ, ಕೋಣೆಯಲ್ಲಿ ನಿಂತು ಕೇಳಿದರೆ ನಾದ ಚೆನ್ನಾಗಿಯೇ ಇದೆ. ಆದರೆ ರೆಕಾರ್ಡ್ ಮಾಡಿ ಕೇಳಿದಾಗ ಕ್ಲೀನ್ ಟೋನ್ ತೆಳ್ಳಗೆ, ಚುಚ್ಚುವಂತೆ, ಇಲ್ಲವೇ ಗುಂಯ್‌ಗುಡುತ್ತ ಕೇಳಿಸುತ್ತದೆ, ಯಾವ ಮೈಕ್ ಕೊಳ್ಳಬೇಕು ಎಂಬುದು ಆ ಪ್ರಶ್ನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೆಡೆ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ತೊಂದರೆ ಮೈಕ್‌ನಲ್ಲಿರುವುದು ಅಪರೂಪ. ಅದು ಇರುವುದು ಮೈಕ್‌ಗಿಂತ ಹಿಂದೆ, ಗೋಡೆಯ ಪ್ಲಗ್ಗಿನಿಂದ ಹಿಡಿದು ಸ್ಪೀಕರಿನ ಕಾಗದದವರೆಗಿನ ದಾರಿಯಲ್ಲಿ. ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡೆಸಿದ ಒರಟುತನ, ಇರುವ ನಾದ ಅನೇಕ ಕೊರತೆಗಳನ್ನು ಮುಚ್ಚಿಕೊಳ್ಳುತ್ತದೆ. ಕ್ಲೀನ್ ನಾದ ಒಂದನ್ನೂ ಮುಚ್ಚುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಬಿಟ್ಟು ಐದನೆಯದಕ್ಕೆ ಹೋಗಬೇಡಿ.

ಮೊದಲು ಕೆಲವು ಪದಗಳು

ಟ್ಯೂಬ್ ಎಂದರೆ ಹಳೆಯ ವಾಲ್ವ್ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಅದೇ ಗಾಜಿನ ವಾಲ್ವ್. ಗಿಟಾರ್ ಆಂಪ್‌ನಲ್ಲಿ ಎರಡು ಬಗೆಯವು ಇರುತ್ತವೆ. ಗಿಟಾರಿನಿಂದ ಬರುವ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ ಟ್ಯೂಬ್‌ಗಳು ಒಂದು ಬಗೆ. ಇವುಗಳಲ್ಲಿ 12ಎಎಕ್ಸ್7 ಅತಿ ಸಾಮಾನ್ಯ. ಸ್ಪೀಕರನ್ನು ನಡೆಸುವಷ್ಟು ಶಕ್ತಿ ಕೊಡುವ ಪವರ್ ಟ್ಯೂಬ್‌ಗಳು ಇನ್ನೊಂದು ಬಗೆ. 6ಎಲ್6, 6ವಿ6, ಇಎಲ್34, ಇಎಲ್84 ಇವುಗಳ ಹೆಸರುಗಳು. ಹೆಡ್‌ರೂಮ್ ಎಂದರೆ ನಾದ ಒಡೆಯುವ ಮೊದಲು ಆಂಪ್‌ನಲ್ಲಿ ಉಳಿದಿರುವ ಅವಕಾಶ. ಪಾತ್ರೆಯಲ್ಲಿ ಹಾಲು ಉಕ್ಕುವ ಮೊದಲು ಮೇಲೆ ಉಳಿದಿರುವ ಜಾಗವನ್ನು ನೆನೆಸಿಕೊಂಡರೆ ಅರ್ಥ ತಪ್ಪುವುದಿಲ್ಲ.

ಕ್ಲೀನ್ ಟೋನ್ ಎಂದರೆ ಬಣ್ಣವೇ ಇಲ್ಲದ ನಾದ ಎಂದು ಅನೇಕರು ತಿಳಿದಿದ್ದಾರೆ. ಬಣ್ಣವಿಲ್ಲದ ನಾದವೇ ಬೇಕೆಂದರೆ ಗಿಟಾರನ್ನು ನೇರವಾಗಿ ಇಂಟರ್‌ಫೇಸಿಗೆ ಚುಚ್ಚಿದರೆ ಸಾಕು, ಟ್ಯೂಬ್ ಆಂಪ್ ಹೊತ್ತು ತರುವ ಅಗತ್ಯವಿಲ್ಲ. ನಾವು ಹುಡುಕುತ್ತಿರುವುದು ಒಡೆಯುವ ಅಂಚಿಗೆ ಹತ್ತಿರವಿದ್ದೂ ಒಡೆಯದ, ಬೆರಳಿನ ಒತ್ತಡ ಹೆಚ್ಚು ಕಡಿಮೆಯಾದದ್ದು ಕೇಳುಗನಿಗೆ ಗೊತ್ತಾಗುವ, ತುಂಬಿಕೊಂಡ ನಾದವನ್ನು.

ಬೇಕಾಗುವ ಸಾಮಗ್ರಿ

ಟ್ಯೂಬ್ ಆಂಪ್ ಒಂದು, ಸರಿಯಾಗಿ ಸೆಟಪ್ ಆದ ಗಿಟಾರ್ ಒಂದು, 3ರಿಂದ 5 ಮೀಟರ್ ಉದ್ದದ ಒಳ್ಳೆಯ ಕೇಬಲ್, ಶೂರ್ ಎಸ್‌ಎಂ57 ಅಥವಾ ಅಂಥದೇ ಡೈನಮಿಕ್ ಮೈಕ್, ಗಟ್ಟಿಯಾದ ಮೈಕ್ ಸ್ಟ್ಯಾಂಡ್, ಇಂಟರ್‌ಫೇಸ್ ಎಂದರೆ ಮೈಕ್‌ನ ಸಂಕೇತವನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಟ್ಯೂನರ್, ಟಾರ್ಚ್, ಬಣ್ಣದ ಅಂಟುಪಟ್ಟಿ, ಜೊತೆಗೆ ಸಹಾಯಕ್ಕೆ ಒಬ್ಬರು. ಈ ಕೊನೆಯದನ್ನು ಕಡೆಗಣಿಸಬೇಡಿ. ಒಬ್ಬರೇ ನುಡಿಸುತ್ತ, ಒಬ್ಬರೇ ಮೈಕ್ ಸರಿಸುತ್ತ ಸರಿಯಾದ ಜಾಗ ಹುಡುಕುವುದು ಬಹಳ ಕಷ್ಟ.

ಆಂಪ್ ಎಷ್ಟು ವ್ಯಾಟ್‌ನದಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಫೆಂಡರ್ ಟ್ವಿನ್ ರಿವರ್ಬ್ 85 ವ್ಯಾಟ್, ಡೀಲಕ್ಸ್ ರಿವರ್ಬ್ 22 ವ್ಯಾಟ್, ವಾಕ್ಸ್ ಎಸಿ30 ಹೆಸರೇ ಹೇಳುವಂತೆ 30 ವ್ಯಾಟ್. ಆದರೆ ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಅಂದರೆ 22ಕ್ಕೂ 85ಕ್ಕೂ ಇರುವ ವ್ಯತ್ಯಾಸ ಸುಮಾರು 6 ಡೆಸಿಬೆಲ್ ಮಾತ್ರ. ವೇದಿಕೆಯಲ್ಲಿ ಡ್ರಮ್ಸ್ ಜೊತೆ ನುಡಿಸುವಾಗ ಆ 6 ಡೆಸಿಬೆಲ್ ಬೇಕಾಗುತ್ತದೆ. ರೆಕಾರ್ಡಿಂಗ್ ಕೋಣೆಯಲ್ಲಿ 12ರಿಂದ 22 ವ್ಯಾಟ್‌ನ ಆಂಪ್ ಧಾರಾಳವಾಯಿತು.

ಹಂತ 1: ವಿದ್ಯುತ್ ಮತ್ತು ಅರ್ತಿಂಗ್

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಆಂಪ್ ಬಯಸುವುದು 120 ವೋಲ್ಟ್, 60 ಹರ್ಟ್ಸ್. ಬಂಧುಗಳು ಅಲ್ಲಿಂದ ತಂದುಕೊಟ್ಟ ಆಂಪನ್ನು ಹಾಗೆಯೇ ಗೋಡೆಗೆ ಚುಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಅಂದರೆ ವೋಲ್ಟೇಜ್ ಇಳಿಸುವ ಪೆಟ್ಟಿಗೆ ಬೇಕು. ಆಂಪ್‌ನ ಹಿಂಬದಿಯಲ್ಲಿ ಬರೆದಿರುವ ವಿದ್ಯುತ್ ಬಳಕೆಯ ಎರಡರಷ್ಟಾದರೂ ಸಾಮರ್ಥ್ಯ ಅದಕ್ಕಿರಲಿ. ಆ ಪೆಟ್ಟಿಗೆ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಆಂಪ್‌ನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುವುದರಿಂದ, ಹಿಂಬದಿಯಲ್ಲಿ 50/60 ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ. ಅಗ್ಗದ ಸ್ಟೆಪ್‌ಡೌನ್ ಪೆಟ್ಟಿಗೆಗಳಲ್ಲಿ ಅರ್ತ್ ಸಂಪರ್ಕ ಮುಂದಕ್ಕೆ ಹೋಗುವುದೇ ಇಲ್ಲ. ಕೊಳ್ಳುವ ಮೊದಲು ಮಲ್ಟಿಮೀಟರಿನಿಂದ ಪರೀಕ್ಷಿಸಲು ಅಂಗಡಿಯವರನ್ನೇ ಕೇಳಿ.

ಎರಡನೆಯ ವಿಷಯ, ವೋಲ್ಟೇಜ್ ಏರಿಳಿತ. ಟ್ಯೂಬ್‌ನ ಒಳಗಿನ ತಂತಿಯನ್ನು ಕಾಯಿಸುವುದಕ್ಕೆ ಸಾಮಾನ್ಯವಾಗಿ 6.3 ವೋಲ್ಟ್ ಬೇಕು, ಪವರ್ ಟ್ಯೂಬ್‌ಗಳಿಗೆ ಆಂಪ್‌ನ ಒಳಗೆ ನೂರಾರು ವೋಲ್ಟ್ ಡಿಸಿ ತಯಾರಾಗುತ್ತದೆ. ಇವೆರಡೂ ಗೋಡೆಯ ವೋಲ್ಟೇಜಿನೊಂದಿಗೇ ಏರುತ್ತವೆ, ಇಳಿಯುತ್ತವೆ. ಸಂಜೆ ಎಲ್ಲ ಮನೆಗಳಲ್ಲೂ ದೀಪ, ಮೋಟಾರು ನಡೆಯುವ ಹೊತ್ತಿಗೆ 230 ಇದ್ದದ್ದು 200ಕ್ಕೆ ಇಳಿದರೆ ಆಂಪ್‌ನ ಹೆಡ್‌ರೂಮ್ ಕೂಡ ಇಳಿದು, ಬೆಳಿಗ್ಗೆ ಕ್ಲೀನ್ ಆಗಿದ್ದ ಅದೇ ನಾಬ್ ಮಟ್ಟದಲ್ಲಿ ನಾದ ಮಂಕಾಗಿ ಬೇಗ ಒಡೆಯುತ್ತದೆ. ಬೆಳಿಗ್ಗೆ ಅರ್ಧ ಹಾಡು, ಸಂಜೆ ಉಳಿದರ್ಧ ರೆಕಾರ್ಡ್ ಮಾಡಿದವರು ಎರಡೂ ಏಕೆ ಹೊಂದುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ. ಸರ್ವೊ ಬಗೆಯ ಸ್ಟೆಬಿಲೈಜರ್ ಇದ್ದರೆ ಬಳಸಿ. ರಿಲೇ ಬಗೆಯದು ಟಕ್ ಎಂದು ಮೆಟ್ಟಿಲು ಬದಲಿಸುವಾಗ ಆ ಸದ್ದು ರೆಕಾರ್ಡಿಂಗ್‌ನಲ್ಲಿ ಬೀಳಬಹುದು. ಇನ್ವರ್ಟರ್ ಮೇಲೆ ಟ್ಯೂಬ್ ಆಂಪ್ ನಡೆಸಬೇಡಿ. ವಿಶೇಷವಾಗಿ ಚೌಕ ಅಲೆಯ ಇನ್ವರ್ಟರ್ ಆದರೆ ಝಿರ್ ಎನ್ನುವ ಸದ್ದು ಎಲ್ಲ ಸ್ವರಗಳ ಮೇಲೂ ಕೂತುಬಿಡುತ್ತದೆ. ಕರೆಂಟ್ ಹೋದರೆ ಗಿಟಾರ್ ಕೆಳಗಿಟ್ಟು ಕಾಯುವುದೇ ಸರಿ.

ಮೂರನೆಯದು ಸದ್ದಿನ ಮೂಲ ಪತ್ತೆ. ಆಂಪ್ ಹಾಕಿ, ಕೇಬಲ್ ಚುಚ್ಚದೆ ಕೇಳಿ. ಆಗಲೂ ಗುಂಯ್ ಸದ್ದು ಇದ್ದರೆ ಅದು ಆಂಪ್‌ನದೇ. ಆ ಸದ್ದು ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರದ ಹತ್ತಿರ ಕೇಳಿಸಿದರೆ ಅದು 100 ಹರ್ಟ್ಸ್, ಏಕೆಂದರೆ ಆ ಸ್ವರ 98 ಹರ್ಟ್ಸ್. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಹಳೆಯವಾಗಿರುವ ಸೂಚನೆ ಇದು. ಅದಕ್ಕಿಂತ ಒಂದು ಸಪ್ತಕ ಕೆಳಗೆ, 50 ಹರ್ಟ್ಸ್‌ನಲ್ಲಿ ಕೇಳಿಸಿದರೆ ಅರ್ತಿಂಗ್ ಅಥವಾ ಅರ್ತ್ ಲೂಪ್ ಕಡೆಗೆ ನೋಡಿ. ಅರ್ತ್ ಲೂಪ್ ಎಂದರೆ ಆಂಪ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದು ಎರಡರ ಅರ್ತ್ ನಡುವೆ ಒಂದು ಬಳೆ ಉಂಟಾಗುವುದು. ಎರಡನ್ನೂ ಒಂದೇ ಬೋರ್ಡಿಗೆ ತಂದರೆ ಬಹಳ ಸಲ ಹೋಗುತ್ತದೆ. ಕೇಬಲ್ ಚುಚ್ಚಿದ ಮೇಲಷ್ಟೇ ಸದ್ದು ಬಂದು, ನೀವು ಗಿಟಾರ್ ಹಿಡಿದು ತಿರುಗಿದಂತೆ ಅದು ಏರಿಳಿದರೆ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಭಾಗ, ಹೊರಗಿನ ವಿದ್ಯುತ್ ಸದ್ದನ್ನು ಹಿಡಿಯುತ್ತಿದೆ. ಇದಕ್ಕೆ ದೊಡ್ಡ ಕಾರಣ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ನಾನೇ ಒಮ್ಮೆ ಇಡೀ ಬೆಳಿಗ್ಗೆ ಆಂಪ್, ಕೇಬಲ್, ಗಿಟಾರ್ ಎಲ್ಲವನ್ನೂ ಬದಲಿಸಿ ನೋಡಿದ ಮೇಲೆ ಪಕ್ಕದ ಕೋಣೆಯ ರೆಗ್ಯುಲೇಟರ್ ಕಾರಣವೆಂದು ತಿಳಿಯಿತು. ಸದ್ದು ಕಡಿಮೆಯಾಗುವ ದಿಕ್ಕು ಯಾವುದೆಂದು ನೋಡಿ, ಆ ದಿಕ್ಕಿಗೆ ಮುಖ ಮಾಡಿ ಕುಳಿತು ನುಡಿಸಿ.

ಎಚ್ಚರಿಕೆಗಳು. ಗುಂಯ್ ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕುವ ರೂಢಿ ನಮ್ಮಲ್ಲಿ ಇದೆ. ಗಿಟಾರಿನ ತಂತಿಗಳು ಆಂಪ್‌ನ ಅರ್ತಿಗೆ ಸೇರಿಕೊಂಡಿರುತ್ತವೆ. ಅರ್ತ್ ಇಲ್ಲದ ಆಂಪ್‌ನಲ್ಲಿ ದೋಷವುಂಟಾದರೆ ತಂತಿ ಹಿಡಿದ ಕೈಗೇ ವಿದ್ಯುತ್ ಹರಿಯುತ್ತದೆ. ಪ್ರಾಣಾಪಾಯದ ಈ ಕೆಲಸವನ್ನು ಯಾರು ಹೇಳಿದರೂ ಮಾಡಬೇಡಿ. ಆಂಪ್ ಬಿಚ್ಚಲೂ ಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಮಾರಕ ವೋಲ್ಟೇಜ್ ಉಳಿದಿರುತ್ತದೆ. ಸ್ಪೀಕರ್ ಸಂಪರ್ಕವಿಲ್ಲದೆ ಟ್ಯೂಬ್ ಆಂಪ್ ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಹೊರಗಿನ ಕ್ಯಾಬಿನೆಟ್ ಬಳಸುವವರು ಆಂಪ್‌ನ ಓಮ್ ಮತ್ತು ಸ್ಪೀಕರಿನ ಓಮ್, ಅಂದರೆ 4, 8 ಅಥವಾ 16, ಒಂದೇ ಇವೆಯೇ ಎಂದು ಪ್ರತಿಸಲವೂ ನೋಡಬೇಕು.

ಹಂತ 2: ಕೋಣೆ

ನಮ್ಮ ಕಡೆಯ ಹೆಚ್ಚಿನ ಮನೆ ಸ್ಟುಡಿಯೊಗಳು ಆರ್‌ಸಿಸಿ ಚಾವಣಿ, ಸಿಮೆಂಟ್ ಗಿಲಾವು, ನುಣುಪಾದ ಟೈಲ್ಸ್ ಇರುವ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಗಳು. ಇಂಥಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಟರ್‍ರ್ ಎಂದು ಗೋಡೆಯಿಂದ ಗೋಡೆಗೆ ಪುಟಿಯುವ ಸದ್ದು ಕೇಳಿಸಿದರೆ ಅದೇ ಸದ್ದು ನಿಮ್ಮ ಗಿಟಾರಿನ ಮೇಲೂ ಬೀಳುತ್ತದೆ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಆಂಪ್‌ನ ಎದುರು ಮತ್ತು ಪಕ್ಕದ ಗೋಡೆಗೆ ಹತ್ತಿ ಗಾದಿಗಳನ್ನು ಒರಗಿಸಿ, ಅವುಗಳ ಮೇಲೆ ಚಳ್ಳಕೆರೆಯ ಕಡೆಯ ಕುರಿ ಉಣ್ಣೆಯ ಕಂಬಳಿಗಳನ್ನು ಎರಡು ಮಡಿಕೆ ಮಾಡಿ ಇಳಿಬಿಡಿ. ಹತ್ತಿ, ಉಣ್ಣೆ ಎರಡೂ ನಮ್ಮಲ್ಲೇ ಸಿಗುವ, ಮಧ್ಯಮ ಮತ್ತು ತೀಕ್ಷ್ಣ ಸದ್ದನ್ನು ಚೆನ್ನಾಗಿ ಹೀರುವ ವಸ್ತುಗಳು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿ ಹಣ, ಶ್ರಮ ವ್ಯರ್ಥ ಮಾಡಬೇಡಿ; ಆ ತೆಳು ರಟ್ಟು ಹೀರುವುದು ಅತ್ಯಲ್ಪ.

ಮಂದ್ರ ಸ್ವರಗಳ ತೊಂದರೆ ಬೇರೆಯೇ, ಗಾದಿಯಿಂದ ಅದು ಹೋಗುವುದಿಲ್ಲ. ಅಗಲವೂ ಎತ್ತರವೂ 10 ಅಡಿಯಾದ ಕೋಣೆ ಎರಡೂ ದಿಕ್ಕಿನಲ್ಲಿ ಸುಮಾರು 57 ಹರ್ಟ್ಸ್‌ಗೆ ಮತ್ತು ಅದರ ಎರಡರಷ್ಟಾದ 113 ಹರ್ಟ್ಸ್‌ಗೆ ಅನುರಣಿಸುತ್ತದೆ. ತೆರೆದ ಐದನೇ ತಂತಿಯ ಎ ಸ್ವರ 110 ಹರ್ಟ್ಸ್. ಆದ್ದರಿಂದ ಇಂಥ ಕೋಣೆಯಲ್ಲಿ ಐದನೇ ತಂತಿ ಉಳಿದವುಗಳಿಗಿಂತ ಉಬ್ಬಿ ಕೇಳಿಸುವುದು ಗಿಟಾರಿನ ದೋಷವಲ್ಲ. ಆಂಪನ್ನು ಮೂಲೆಯಲ್ಲಿ ಇಡಬೇಡಿ. ಉದ್ದ ಗೋಡೆಯಿಂದ ಮೂರು ಅಡಿಯಾದರೂ ಒಳಗೆ, ಸ್ವಲ್ಪ ಓರೆಯಾಗಿ, ನೆಲದಿಂದ ಎತ್ತರಿಸಿ ಗಟ್ಟಿ ಮರದ ಕುರ್ಚಿ ಅಥವಾ ಸ್ಟೂಲಿನ ಮೇಲಿಡಿ. ನಂತರ ಆ ಎ ಸ್ವರವನ್ನು ನುಡಿಸುತ್ತ ಆಂಪನ್ನು ಅರ್ಧರ್ಧ ಅಡಿ ಸರಿಸಿ ಕೇಳಿದರೆ ಉಬ್ಬು ಇಳಿಯುವ ಜಾಗ ಸಿಗುತ್ತದೆ. ಹಿಂಬದಿ ತೆರೆದಿರುವ ಆಂಪ್‌ನಿಂದ ಹಿಂದಕ್ಕೂ ಸದ್ದು ಹೋಗುವುದರಿಂದ ಹಿಂದಿನ ಗೋಡೆಗೂ ಒಂದು ಗಾದಿ ಇರಲಿ.

ಮಂದ್ರ ಸ್ವರಗಳನ್ನು ಒಂದೊಂದಾಗಿ ನುಡಿಸಿ ಕೋಣೆಯಲ್ಲಿ ಏನು ನಡುಗುತ್ತದೆ ಎಂದು ಕೇಳಿಕೊಳ್ಳಿ. ಉಕ್ಕಿನ ಬೀರು, ಕಿಟಕಿಯ ಗಾಜು, ಗೋಡೆಯ ಫೋಟೊ ಇವುಗಳ ಝಲ್ ಸದ್ದನ್ನು ಎಷ್ಟೋ ಜನ ಸ್ಪೀಕರ್ ಹರಿದಿದೆ ಎಂದು ತಪ್ಪು ತಿಳಿಯುತ್ತಾರೆ. ರೆಕಾರ್ಡ್ ಆಗುವಾಗ ಫ್ಯಾನ್, ಎಸಿ ಎರಡೂ ನಿಂತಿರಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಸುಲಭವಲ್ಲ, ಟ್ಯೂಬ್ ಆಂಪ್ ತಾನೂ ಕೋಣೆಯನ್ನು ಕಾಯಿಸುತ್ತದೆ. ಹಾಗಾಗಿ ಬೆಳಗಿನ ಆರರಿಂದ ಹತ್ತರವರೆಗಿನ ಹೊತ್ತನ್ನು ಗಿಟಾರಿಗೆ ಮೀಸಲಿಡುವುದನ್ನು ನಾನು ಸೂಚಿಸುತ್ತೇನೆ. ಚಿತ್ರದುರ್ಗದವರು ಆಷಾಢದ ಗಾಳಿಗೆ ಕಿಟಕಿ, ಶಟರ್‌ಗಳು ಸದ್ದು ಮಾಡದಂತೆ ಬಟ್ಟೆ ತುರುಕಿಕೊಳ್ಳಬೇಕಾಗುತ್ತದೆ.

ಹಂತ 3: ಗಿಟಾರ್

ಹೊಸ ತಂತಿ ಹಾಕಿ, ಒಂದು ದಿನ ಮೊದಲೇ. ಅಂದೇ ಹಾಕಿದ ತಂತಿ ಹಿಗ್ಗುತ್ತಲೇ ಇರುತ್ತದೆ. ಇಂಟೊನೇಷನ್, ಅಂದರೆ ತೆರೆದ ತಂತಿಯ ಸ್ವರಕ್ಕೂ 12ನೇ ಫ್ರೆಟ್‌ನ ಸ್ವರಕ್ಕೂ ಸರಿಯಾಗಿ ಒಂದು ಸಪ್ತಕದ ಅಂತರ ಇರುವುದು, ಕ್ಲೀನ್ ನಾದದಲ್ಲಿ ಬಹಳ ಮುಖ್ಯ. ಹಾರ್ಮೋನಿಯಂ ಇರುವ ಹಾಡಾದರೆ ಟ್ಯೂನರನ್ನು ನಂಬಬೇಡಿ. ಅನೇಕ ಹಾರ್ಮೋನಿಯಂಗಳು 440 ಹರ್ಟ್ಸ್‌ಗೆ ಸರಿಯಾಗಿ ಕೂತಿರುವುದಿಲ್ಲ. ಹಾರ್ಮೋನಿಯಂನ ಸ್ವರವನ್ನೇ ಟ್ಯೂನರಿಗೆ ತೋರಿಸಿ, ಟ್ಯೂನರಿನ ಆಧಾರ ಸ್ವರವನ್ನು ಅದಕ್ಕೆ ಹೊಂದಿಸಿಕೊಂಡು, ಆಮೇಲೆ ಗಿಟಾರನ್ನು ಶ್ರುತಿ ಮಾಡಿ.

ಪಿಕಪ್‌ಗಳ ಎತ್ತರವನ್ನು ಬಹಳ ಜನ ನೋಡುವುದೇ ಇಲ್ಲ. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅದರ ಅಯಸ್ಕಾಂತ ತಂತಿಯನ್ನು ಎಳೆದು ಮಂದ್ರ ಸ್ವರಗಳು ತೂಗಾಡುವಂತೆ ಮಾಡುತ್ತದೆ, ಜೊತೆಗೆ ಆಂಪ್‌ನ ಮೊದಲ ಟ್ಯೂಬನ್ನೂ ಬೇಗ ಒಡೆಯಿಸುತ್ತದೆ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ದಪ್ಪ ತಂತಿಯ ಕಡೆ ಸುಮಾರು 2.4 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಅಂತರ ಇರಲಿ, ಅಲ್ಲಿಂದ ಕಿವಿಗೆ ತಕ್ಕಂತೆ ಬದಲಿಸಿಕೊಳ್ಳಿ. ಹಂಬಕರ್, ಅಂದರೆ ಎರಡು ಸುರುಳಿಗಳ ಪಿಕಪ್, ಗುಂಯ್ ಸದ್ದನ್ನು ಕಳೆಯುತ್ತದೆ ಆದರೆ ಬಲವಾಗಿರುತ್ತದೆ; ಅದನ್ನು ಇನ್ನಷ್ಟು ಕೆಳಗಿಳಿಸಲು ಹಿಂಜರಿಯಬೇಡಿ. ಕೇಬಲ್ ಉದ್ದವಾದಷ್ಟೂ ತೀಕ್ಷ್ಣ ಸದ್ದು ಸೋರಿಹೋಗುತ್ತದೆಯಾದ್ದರಿಂದ ವೇದಿಕೆಯ 10 ಮೀಟರ್ ಕೇಬಲ್ಲನ್ನು ಇಲ್ಲಿ ತರಬೇಡಿ.

ಹಂತ 4: ಆಂಪ್‌ನ ನಾಬ್‌ಗಳು

ಆಂಪ್ ಹಾಕಿ 15ರಿಂದ 20 ನಿಮಿಷ ಕಾಯಲು ಬಿಡಿ. ಎರಡು ಇನ್‌ಪುಟ್‌ಗಳಿರುವ ಹಳೆಯ ಫೆಂಡರ್ ಮಾದರಿಗಳಲ್ಲಿ 2ನೇ ಇನ್‌ಪುಟ್ 1ನೆಯದಕ್ಕಿಂತ 6 ಡೆಸಿಬೆಲ್ ಕಡಿಮೆ ಸಂಕೇತ ಒಳಗೆ ಬಿಡುತ್ತದೆ. ಹಂಬಕರ್ ಇರುವವರು ಮೊದಲು ಅದನ್ನೇ ಬಳಸಿ ನೋಡಿ.

ಈಗ ಮುಖ್ಯ ಕೆಲಸ. ಆಂಪ್‌ನ ವಾಲ್ಯೂಮನ್ನು 2ರಲ್ಲಿಟ್ಟು ನಾದ ಕ್ಲೀನ್ ಆಗಿದೆ ಎಂದು ತೃಪ್ತಿಪಡುವುದು ಅತಿ ಸಾಮಾನ್ಯ ತಪ್ಪು. ಅಲ್ಲಿ ಟ್ಯೂಬ್‌ಗಳು, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಯಾವುವೂ ಕೆಲಸಕ್ಕೆ ಇಳಿದಿರುವುದಿಲ್ಲ, ನಾದ ತೆಳ್ಳಗಿರುತ್ತದೆ. ಹಾಡಿನಲ್ಲಿ ನೀವು ಅತಿ ಜೋರಾಗಿ ಹೊಡೆಯುವ ಕಾರ್ಡ್ ಯಾವುದೋ ಅದನ್ನೇ, ಅಷ್ಟೇ ಜೋರಾಗಿ, ಮತ್ತೆ ಮತ್ತೆ ನುಡಿಸುತ್ತ ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಸ್ವರದ ಮೊದಲ ಹೊಡೆತದಲ್ಲಿ ಸಣ್ಣ ಮರಳಿನಂಥ ಒರಟುತನ ಕೇಳಿಸಿದ ಕೂಡಲೇ ನಿಲ್ಲಿಸಿ, ಅದು ಮರೆಯಾಗುವಷ್ಟು ಮಾತ್ರ ಹಿಂದಕ್ಕೆ ತಿರುಗಿಸಿ. ನಿಮ್ಮ ಕ್ಲೀನ್ ನಾದ ಅಲ್ಲಿದೆ. ಅದೇ ಕಾರ್ಡನ್ನು ಮೆಲ್ಲಗೆ ನುಡಿಸಿ ನೋಡಿ; ನಾದ ಸಣ್ಣದಾಗದೆ ಮೃದುವಾಗುತ್ತದೆ. ಇನ್ನೂ ಸೂಕ್ಷ್ಮ ಹೊಂದಾಣಿಕೆಯನ್ನು ಗಿಟಾರಿನ ವಾಲ್ಯೂಮ್ ನಾಬಿನಿಂದ, 10ರಿಂದ 8ಕ್ಕೆ ಇಳಿಸಿ ಮಾಡಬಹುದು, ಆದರೆ ಅನೇಕ ಗಿಟಾರ್‌ಗಳಲ್ಲಿ ಹಾಗೆ ಇಳಿಸಿದಾಗ ತೀಕ್ಷ್ಣತೆಯೂ ಸ್ವಲ್ಪ ಕಳೆಯುತ್ತದೆ ಎಂಬುದು ನೆನಪಿರಲಿ.

ಈ ಅಂಚು ತೀರ ಬೇಗ, 3ರಲ್ಲೇ ಬಂದುಬಿಡುತ್ತದೆ ಎಂದರೆ ಮೊದಲ ಪ್ರೀಆಂಪ್ ಟ್ಯೂಬಾದ 12ಎಎಕ್ಸ್7ರ ಬದಲು 5751 ಹಾಕಬಹುದು. ಮೊದಲನೆಯದರ ವರ್ಧನಾಂಕ, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, 100, ಎರಡನೆಯದರದು 70. ಆಂಪ್ ಆರಿಸಿ, ಪ್ಲಗ್ ತೆಗೆದು, ಟ್ಯೂಬ್ ಪೂರ್ತಿ ಆರಿದ ಮೇಲೆ ನೇರವಾಗಿ ಎಳೆದು ಬದಲಿಸುವ ಕೆಲಸವಿದು. ಪವರ್ ಟ್ಯೂಬ್‌ಗಳನ್ನು ಮಾತ್ರ ನೀವಾಗಿ ಬದಲಿಸಬೇಡಿ, ಹಲವು ಆಂಪ್‌ಗಳಲ್ಲಿ ಅವುಗಳಿಗೆ ಬಯಸ್, ಅಂದರೆ ಸುಮ್ಮನಿರುವಾಗ ಟ್ಯೂಬ್ ಮೂಲಕ ಹರಿಯುವ ವಿದ್ಯುತ್ತಿನ ಮಟ್ಟ, ಹೊಂದಿಸಬೇಕಾಗುತ್ತದೆ. ಅದು ತಿಳಿದ ತಂತ್ರಜ್ಞರ ಕೆಲಸ.

ಬಾಸ್, ಮಿಡ್, ಟ್ರೆಬಲ್ ನಾಬ್‌ಗಳು 5ರಲ್ಲಿದ್ದರೆ ನಾದ ಸಮತಟ್ಟಾಗಿರುತ್ತದೆ ಎಂಬುದು ತಪ್ಪು ಕಲ್ಪನೆ. ಫೆಂಡರ್ ಬಗೆಯ ಆಂಪ್‌ಗಳಲ್ಲಿ ಆಗ ಮಧ್ಯಮ ಸದ್ದು ಆಗಲೇ ಕುಗ್ಗಿರುತ್ತದೆ. ಸಮತಟ್ಟಿಗೆ ಹತ್ತಿರ ಬರುವುದು ಬಾಸ್ ಮತ್ತು ಟ್ರೆಬಲ್ 2ರ ಆಸುಪಾಸು, ಮಿಡ್ 10ರಲ್ಲಿ ಇರುವಾಗ. ಕೋಣೆಯಲ್ಲಿ ಒಬ್ಬರೇ ಕೇಳುವಾಗ ಕುಗ್ಗಿದ ಮಿಡ್ ಸೊಗಸಾಗಿ ಕೇಳಿಸುತ್ತದೆ, ಆದರೆ ತಬಲಾ, ಕೊಳಲು, ಗಾಯನ ಸೇರಿದ ಮೇಲೆ ಅಂಥ ಗಿಟಾರ್ ಕಾಣೆಯಾಗುತ್ತದೆ. ನಾನು ಬಾಸ್ 3, ಮಿಡ್ 7, ಟ್ರೆಬಲ್ 4ರಿಂದ ಆರಂಭಿಸುತ್ತೇನೆ. ಬ್ರೈಟ್ ಸ್ವಿಚ್ ಕಡಿಮೆ ವಾಲ್ಯೂಮಿನಲ್ಲಿ ಹೆಚ್ಚು ಕೆಲಸ ಮಾಡುವುದರಿಂದ ಮೆಲ್ಲಗೆ ನುಡಿಸುವಾಗ ಅದು ಚುಚ್ಚುತ್ತದೆ, ಆರಿಸಿಯೇ ಇಡಿ. ವಾಕ್ಸ್ ಎಸಿ30ರ ಕಟ್ ನಾಬ್ ಉಳಿದವುಗಳಂತಲ್ಲ, ಏರಿಸಿದಷ್ಟೂ ತೀಕ್ಷ್ಣತೆ ಇಳಿಯುತ್ತದೆ. ಆಂಪ್‌ನ ಸ್ಪ್ರಿಂಗ್ ರಿವರ್ಬನ್ನು ಹಾಡಿಗೆ ಅದೇ ಬೇಕೆಂಬುದು ಖಚಿತವಿದ್ದರೆ ಮಾತ್ರ ಸೇರಿಸಿ, ಆಮೇಲೆ ತೆಗೆಯಲು ಬರುವುದಿಲ್ಲ.

ಹಂತ 5: ಮೈಕ್ ಇಡುವುದು

ಟಾರ್ಚನ್ನು ಸ್ಪೀಕರ್ ಮುಂದಿನ ಬಟ್ಟೆಗೆ ಒತ್ತಿ ಹಿಡಿದು ನೋಡಿದರೆ ಒಳಗಿನ ಸ್ಪೀಕರ್ ಕಾಣುತ್ತದೆ. ನಡುವೆ ಉಬ್ಬಿದ ಗುಂಡಗಿನ ಭಾಗ ಡಸ್ಟ್ ಕ್ಯಾಪ್, ಸುತ್ತಲಿನ ಓರೆ ಕಾಗದ ಕೋನ್. ಕ್ಯಾಪ್‌ನ ನಡುವಿಗೆ ಮೈಕ್ ತೋರಿಸಿದರೆ ಅತಿ ತೀಕ್ಷ್ಣ, ಕೋನ್‌ನ ಅಂಚಿನ ಕಡೆಗೆ ಸರಿದಷ್ಟೂ ಮಂದ. ಕ್ಯಾಪ್ ಮತ್ತು ಕೋನ್ ಸೇರುವ ಗೆರೆಯ ಮೇಲೆ ಅಂಟುಪಟ್ಟಿಯ ಗುರುತು ಹಾಕಿ ಅಲ್ಲಿಂದ ಆರಂಭಿಸಿ.

ದೂರದ ವಿಷಯದಲ್ಲಿ ನನ್ನ ಅಭಿಪ್ರಾಯ ರೂಢಿಗಿಂತ ಬೇರೆ. ಮೈಕನ್ನು ಬಟ್ಟೆಗೆ ತಾಗಿಸಿ ಇಡುವ ಪದ್ಧತಿ ಡಿಸ್ಟಾರ್ಷನ್ ನಾದಕ್ಕೆ ಸರಿ. ಆದರೆ ಎಸ್‌ಎಂ57ರಂಥ ಮೈಕ್‌ಗಳಿಗೆ ಹತ್ತಿರ ಹೋದಷ್ಟೂ ಮಂದ್ರ ಸದ್ದನ್ನು ಉಬ್ಬಿಸುವ ಗುಣವಿದೆ, ಅದನ್ನು ಸಾಮೀಪ್ಯ ಪರಿಣಾಮ ಎನ್ನುತ್ತಾರೆ. ಕ್ಲೀನ್ ನಾದದಲ್ಲಿ ಆ ಉಬ್ಬು ಕೆಸರಿನಂತಾಗುತ್ತದೆ. ಹೀಗಾಗಿ ಕೋಣೆ ಸರಿಯಿದ್ದರೆ 10ರಿಂದ 15 ಸೆಂಟಿಮೀಟರ್ ಹಿಂದಕ್ಕಿಡಿ; ಕೋಣೆ ಪುಟಿಯುತ್ತಿದ್ದರೆ ಮಾತ್ರ 5 ಸೆಂಟಿಮೀಟರಿಗೆ ಬನ್ನಿ.

ಈಗ ನೀವು ಹೆಡ್‌ಫೋನ್ ಹಾಕಿಕೊಂಡು, ಆಂಪ್‌ನಿಂದ ದೂರ, ಸಾಧ್ಯವಾದರೆ ಪಕ್ಕದ ಕೋಣೆಯಲ್ಲಿ ಕುಳಿತು ಹಾಡಿನ ಭಾಗವನ್ನೇ ನುಡಿಸಿ. ಸಹಾಯಕರು ಮೈಕನ್ನು ಒಂದೊಂದು ಬೆರಳಗಲ ಹೊರಕ್ಕೆ ಸರಿಸುತ್ತ ಹೋಗಲಿ. ಒಂದು ಬೆರಳಗಲದಲ್ಲಿ ನಾದ ಎಷ್ಟು ಬದಲಾಗುತ್ತದೆ ಎಂಬುದು ಮೊದಲ ಸಲ ಕೇಳಿದವರಿಗೆ ಆಶ್ಚರ್ಯ ತರುತ್ತದೆ. ಪ್ರತಿ ಜಾಗದಲ್ಲೂ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಸದ್ದಿನ ಮಟ್ಟ ಸಮ ಮಾಡಿ ಹೋಲಿಸಿ, ಏಕೆಂದರೆ ಸ್ವಲ್ಪ ಜೋರಾದದ್ದು ಯಾವಾಗಲೂ ಹೆಚ್ಚು ಚೆನ್ನಾಗಿದೆ ಎನಿಸುತ್ತದೆ. ಈಕ್ವಲೈಜರ್‌ನಿಂದ ಸರಿ ಮಾಡಿಕೊಳ್ಳೋಣ ಎಂಬ ಮಾತು ಈ ಹಂತದಲ್ಲಿ ಬರಬಾರದು.

ಹಂತ 6: ಎರಡನೆಯ ಮೈಕ್, ಬೇಕಾದರೆ ಮಾತ್ರ

ಒಂದು ಮೈಕ್‌ನಲ್ಲೇ ತೃಪ್ತಿಯಾದರೆ ಈ ಹಂತ ಬಿಟ್ಟುಬಿಡಿ. ಎರಡನೆಯದು ಬೇಕೆನಿಸಿದರೆ ಕಂಡೆನ್ಸರ್ ಅಥವಾ ರಿಬ್ಬನ್ ಮೈಕ್ ಆರಿಸಿಕೊಳ್ಳಿ. ಕಂಡೆನ್ಸರ್‌ಗೆ ಇಂಟರ್‌ಫೇಸಿನ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಹಳೆಯ ರಿಬ್ಬನ್ ಮೈಕ್‌ಗೆ ಅದೇ ವೋಲ್ಟೇಜ್ ಹಾನಿ ಮಾಡಬಹುದು, ಆದ್ದರಿಂದ ಸ್ವಿಚ್ ಮುಟ್ಟುವ ಮೊದಲು ಯಾವ ಮೈಕ್ ಯಾವ ಚಾನೆಲ್‌ನಲ್ಲಿದೆ ಎಂದು ನೋಡಿ.

ಇಲ್ಲಿನ ಅಪಾಯ ಫೇಸ್, ಅಂದರೆ ಒಂದೇ ಅಲೆ ಎರಡು ಮೈಕ್‌ಗಳನ್ನು ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸುವುದು. ಒಂದು ಮೈಕ್ ಇನ್ನೊಂದಕ್ಕಿಂತ 30 ಸೆಂಟಿಮೀಟರ್ ಹಿಂದಿದ್ದರೆ ಸುಮಾರು 580 ಹರ್ಟ್ಸ್‌ನ ಅಲೆಗಳು ಎದುರುಬದುರಾಗುತ್ತವೆ. ಮೊದಲ ತಂತಿಯ 10ನೇ ಫ್ರೆಟ್‌ನ ಡಿ ಸ್ವರ ಇರುವುದು 587 ಹರ್ಟ್ಸ್‌ನಲ್ಲಿ. ಉಳಿದ ಸ್ವರಗಳು ಸರಿಯಿದ್ದು ಅದೊಂದು ಸ್ವರ ಮಾತ್ರ ಟೊಳ್ಳಾಗುವುದು ಹೀಗೆ. ಎರಡೂ ಮೈಕ್‌ಗಳನ್ನು ಸ್ಪೀಕರಿನಿಂದ ಸಮ ದೂರದಲ್ಲಿ, ಅಕ್ಕಪಕ್ಕ ಇಡುವುದು ಸುರಕ್ಷಿತ ದಾರಿ. ದೂರದ ಮೈಕ್ ಬೇಕಾದರೆ ಒಂದರ ಪೊಲಾರಿಟಿ ತಿರುಗಿಸುವ, ಅಂದರೆ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿ ನೋಡಿ, ನಾದ ತೆಳ್ಳಗಾಗುವ ಸ್ಥಾನವನ್ನು ಬಿಟ್ಟು ತುಂಬಿಕೊಳ್ಳುವ ಸ್ಥಾನ ಉಳಿಸಿಕೊಳ್ಳಿ, ಮೈಕನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಸರಿಸಿ ಮತ್ತೆ ಕೇಳಿ.

ಹಂತ 7: ಮಟ್ಟ ಮತ್ತು ರೆಕಾರ್ಡಿಂಗ್

24 ಬಿಟ್, 48 ಕಿಲೋಹರ್ಟ್ಸ್ ಸಾಕು. ಡಿಜಿಟಲ್ ಮೀಟರಿನಲ್ಲಿ ಸೊನ್ನೆ ಎಂದರೆ ಮೇಲಿನ ಗೋಡೆ. ಅತಿ ಜೋರಿನ ಹೊಡೆತ ಅದಕ್ಕಿಂತ 10ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಂಟರ್‌ಫೇಸಿನ ಗೇನ್ ಹೊಂದಿಸಿ. ಸದ್ದು ಕಡಿಮೆ ಕೇಳಿಸುತ್ತದೆ ಎಂದು ಗೇನ್ ಏರಿಸಬೇಡಿ, ಹೆಡ್‌ಫೋನಿನ ವಾಲ್ಯೂಮ್ ಏರಿಸಿ. ಕಷ್ಟಪಟ್ಟು ಆಂಪ್‌ನಲ್ಲಿ ಉಳಿಸಿಕೊಂಡ ಹೆಡ್‌ರೂಮನ್ನು ಇಂಟರ್‌ಫೇಸಿನಲ್ಲಿ ಕಳೆದುಕೊಂಡ ಎಷ್ಟೋ ರೆಕಾರ್ಡಿಂಗ್‌ಗಳು ನನ್ನ ಬಳಿಗೆ ಬರುತ್ತವೆ, ಅವುಗಳನ್ನು ಸರಿಪಡಿಸುವ ದಾರಿ ಇಲ್ಲ.

ಡಿಐ ಪೆಟ್ಟಿಗೆ, ಅಂದರೆ ಗಿಟಾರನ್ನು ಮೈಕ್ ಇಲ್ಲದೆ ನೇರವಾಗಿ ಇಂಟರ್‌ಫೇಸಿಗೆ ಸೇರಿಸುವ ಸಾಧನ, ಇದ್ದರೆ ಗಿಟಾರಿನ ನೇರ ಸಂಕೇತವನ್ನೂ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದಿಡಿ. ನಾಳೆ ಆಂಪ್ ನಾದ ಹಿಡಿಸದಿದ್ದರೆ ವಾದನವನ್ನು ಉಳಿಸಿಕೊಂಡು ನಾದವನ್ನು ಮಾತ್ರ ಮತ್ತೆ ಮಾಡಬಹುದು. ಅದಕ್ಕೆ ಹಿಡಿದಿಟ್ಟ ಸಂಕೇತವನ್ನು ಮತ್ತೆ ಆಂಪ್‌ಗೆ ಕಳಿಸುವ ರೀಆಂಪ್ ಪೆಟ್ಟಿಗೆ ಎಂಬ ಸಾಧನ ಬೇಕಾಗುತ್ತದೆ.

ನುಡಿಸುವಾಗ ಪ್ರತಿ ಟೇಕ್‌ಗೂ ಮೊದಲು ಶ್ರುತಿ ನೋಡಿ. ಪ್ಲೆಕ್ಟ್ರಮ್ ಬದಲಿಸಿದರೆ ನಾದ ಬದಲಾಗುತ್ತದೆ, ಹಾಡಿನ ನಡುವೆ ಬದಲಿಸಬೇಡಿ. ಕೈ ಒಮ್ಮೆ ಹಗುರ, ಒಮ್ಮೆ ಭಾರ ಬೀಳುವವರು ಜೋರು, ಮೆಲು ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ಪೆಡಲ್ ಹುಡುಕುತ್ತಾರೆ. ಅದು ಗುಂಯ್ ಸದ್ದನ್ನೂ ಎತ್ತಿ ತೋರಿಸುವುದರಿಂದ, ಎರಡು ದಿನ ಮೆಟ್ರೊನೋಮ್ ಜೊತೆ ಅಭ್ಯಾಸ ಮಾಡುವುದನ್ನೇ ನಾನು ಹೇಳುತ್ತೇನೆ.

ಹಂತ 8: ಮಿಕ್ಸಿಂಗ್‌ನಲ್ಲಿ ಸ್ವಲ್ಪವೇ ಕೆಲಸ

ಗಿಟಾರಿನ ಅತಿ ಮಂದ್ರ ಸ್ವರ 82 ಹರ್ಟ್ಸ್. ಅದಕ್ಕಿಂತ ಕೆಳಗಿರುವುದು ಕೋಣೆಯ ಮತ್ತು ವಿದ್ಯುತ್ತಿನ ಸದ್ದು ಮಾತ್ರ, ಹಾಗಾಗಿ 80 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ. ಡಗ್ಗದ ಜೊತೆ ಗಿಟಾರ್ ಮಸುಕಾದರೆ 250ರಿಂದ 350 ಹರ್ಟ್ಸ್ ನಡುವೆ 2ರಿಂದ 3 ಡೆಸಿಬೆಲ್ ಇಳಿಸಿ. 100 ಹರ್ಟ್ಸ್‌ನ ಗುಂಯ್ ಸದ್ದನ್ನು ಕಿರಿದಾದ ಫಿಲ್ಟರಿನಿಂದ ತೆಗೆಯಲು ಹೋದರೆ ಜಿ ಸ್ವರವೂ ಅದರೊಂದಿಗೆ ಹೋಗುತ್ತದೆ. ಒಂದನೇ ಹಂತಕ್ಕೆ ಮರಳಿ ಹೋಗುವುದೇ ಉತ್ತಮ. ಕಂಪ್ರೆಸರ್ ಹಾಕುವುದಾದರೆ 2ಕ್ಕೆ 1ರ ಅನುಪಾತ, ಸ್ವರದ ಮೊದಲ ಹೊಡೆತ ದಾಟಿಹೋಗುವಂತೆ 20ರಿಂದ 30 ಮಿಲಿಸೆಕೆಂಡ್ ಅಟ್ಯಾಕ್, ಮೀಟರ್ ಮುಳ್ಳು 2ರಿಂದ 3 ಡೆಸಿಬೆಲ್‌ಗಿಂತ ಹೆಚ್ಚು ಇಳಿಯಬಾರದು.

ಹಂತ 9: ಆಂಪ್ ಆರಿಸುವ ಮೊದಲು

ನಾಬ್‌ಗಳ, ಮೈಕ್‌ನ ಮತ್ತು ಕೋಣೆಯಲ್ಲಿ ಆಂಪ್ ಇದ್ದ ಜಾಗದ ಫೋಟೊ ತೆಗೆದುಕೊಳ್ಳಿ. ಮೈಕ್‌ನಿಂದ ಬಟ್ಟೆಗೆ ಇರುವ ದೂರವನ್ನು ಅಳೆದು, ಯಾವ ತಂತಿ, ಯಾವ ಪಿಕಪ್, ಮಲ್ಟಿಮೀಟರ್ ಇದ್ದರೆ ಆ ಹೊತ್ತಿನ ಗೋಡೆಯ ವೋಲ್ಟೇಜ್ ಎಷ್ಟು ಎಂದು ಬರೆದಿಡಿ. ಮರುದಿನ ಎರಡು ಸಾಲು ತಿದ್ದಬೇಕಾಗಿ ಬಂದಾಗ ಅದೇ ನಾದ ಮತ್ತೆ ಸಿಗಲು ಈ ಹಾಳೆಯೇ ಆಧಾರ. ನೆಲದ ಮೇಲಿನ ಸ್ಟೂಲಿನ ಕಾಲುಗಳಿಗೂ ಅಂಟುಪಟ್ಟಿಯ ಗುರುತು ಹಾಕಿ. ಆಂಪ್ ಆರಿಸಿದ ಮೇಲೆ ಹತ್ತು ಹದಿನೈದು ನಿಮಿಷ ಅದನ್ನು ಅಲುಗಾಡಿಸಬೇಡಿ. ಬಿಸಿಯಾದ ಟ್ಯೂಬ್‌ನ ಒಳಗಿನ ತಂತಿಗಳು ಮೆದುವಾಗಿರುತ್ತವೆ, ಆ ಸ್ಥಿತಿಯಲ್ಲಿ ಎತ್ತಿ ಆಟೊದಲ್ಲಿಟ್ಟರೆ ಮನೆ ಸೇರುವುದರೊಳಗೆ ಒಂದು ಟ್ಯೂಬ್ ಹಾಳಾಗಿರಬಹುದು.